ಮೂಟೆ ಕಟ್ಟಲಾಗದ ಬೈಕು

ನನ್ನ ಸ್ಪೋರ್ಟ್ಸ್ ಬೈಕಿನ ಮಾರಾಟದ ಪೋಸ್ಟನ್ನು ಹಂಚಿಕೊಂಡ ಗೆಳೆಯರೇ, ಅದಿನ್ನೂ ಮಾರಾಟವಾಗಿಲ್ಲ. ಬಗ್ಗಿ ಓಡಿಸಿ ಓಡಿಸಿ ನನ್ನ ಸೊಂಟ ಮಾತ್ರ ಹೋಗಿದೆ.

ಇವತ್ತು ಮಂಡಿಕಲ್ ಕಡೆಯಿಂದ ಒಬ್ಬ ಯುವಕ ಅಪ್ಪನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದ. ಗುಲಾಬಿ ಬೆಳೆಯುವವರು. ಮಗ ಟ್ಯಾಂಕಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಅಪ್ಪ ಬೈಕಿನ ಹಿಂದೆಯೇ ನಿಂತಿದ್ದರು.

"ಹೂವಿನ ಮೂಟೆ ಎಲ್ಲಿ ಕಟ್ಟೋದಪ್ಪ?"

"ಕಟ್ಟೋಕಾಗಲ್ಲ ಯಜಮಾನ್ರೇ. ಸ್ಟೈಲಿಗೆ ಅಂತ ಹಿಂದಿನ ಸೀಟು ತೆಗೆಸಿಬಿಟ್ಟಿದ್ದೀನಿ."

"ಮತ್ತೆ ನಿಮ್ಮ ಮನೆಯವ್ರು ಎಲ್ಲಿ ಕೂತ್ಕೊಂತಾರೆ?"

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬೈಕು ಬಂದಾಗಿನಿಂದ ಕೇಳುತ್ತಿರುವುದೂ ಇದನ್ನೇ.

ಅಷ್ಟರಲ್ಲಿ ಯಜಮಾನರ ಕಣ್ಣು ಬೈಕಿನ ಜೊತೆ ಮಾರಲು ಇಟ್ಟಿದ್ದ ರೈಡಿಂಗ್ ಜಾಕೆಟ್, ಗ್ಲೌಸಿನ ಮೇಲೆ ಬಿತ್ತು. ಗ್ಲೌಸ್ ತೊಟ್ಟು, ಕಾಂಪೌಂಡಿನ ಕಾಗದದ ಹೂವಿನ ಮುಳ್ಳುಗಿಡವನ್ನು ಗಟ್ಟಿಯಾಗಿ ಹಿಡಿದು ನೋಡಿದರು.

"ಮುಳ್ಳು ನಾಟಲ್ಲ ಕಣೋ. ಇವೆರಡು ಸಾಕು, ನಡಿ ಹೋಗಣ" ಎಂದರು ಮಗನಿಗೆ.

ಅವೆರಡನ್ನೇ ಕೊಂಡು ಹೊರಟರು. ನಾಳೆ ಬೆಳಗ್ಗೆ ನನ್ನ ಜಾಕೆಟ್ ಮಂಡಿಕಲ್‌ನಲ್ಲಿ ಗುಲಾಬಿ ಕೊಯ್ಯುತ್ತದೆ. ಬೈಕು ಅಂಗಳದಲ್ಲೇ ಇರುತ್ತದೆ. ನನ್ನನ್ನು ಹೆಂಡತಿ ಎಂದಿನಂತೆ ತನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಡ್ಯೂಟಿಗೆ ಬಿಡುತ್ತಾಳೆ.