ಮ್ಯಾಗ್ನೆಟ್ ಮಾಮನ ಸ್ವಂತ ಗಾಡಿ

ನನ್ನ ತಮ್ಮನನ್ನು ಬೀದಿಯವರೆಲ್ಲ ಮ್ಯಾಗ್ನೆಟ್ ಮಾಮ ಎಂದೇ ಕರೆಯುವುದು. ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತದ ತುಂಡು. ಹಳೆಯ ಮೋಟಾರ್ ಸೈಕಲ್ ಕೊಳ್ಳುವವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಮಾರುವವನು ಅಪರೂಪದ ಮಾಡೆಲ್ ಎಂದು ಹೊಗಳುತ್ತಿದ್ದರೆ ಇವನು ಟ್ಯಾಂಕಿಗೆ ಅಯಸ್ಕಾಂತ ಹಚ್ಚುತ್ತಿದ್ದ. ಅಂಟಿದರೆ ತಗಡು, ಜಾರಿದರೆ ಬಣ್ಣದಡಿ ತೂತು ಮುಚ್ಚಿದ ಪುಟ್ಟಿ. ಆಮೇಲೆ ಹ್ಯಾಂಡಲಿನ ಕೆಳಗೆ ಬಣ್ಣ ಕೆರೆದು, ಕಬ್ಬಿಣಕ್ಕೆ ಹೊಡೆದ ನಂಬರಿನ ಮೇಲೆ ಕಾಗದ ಹಿಡಿದು ಪೆನ್ಸಿಲ್ ಉಜ್ಜುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ "ಅಸಲಿ ಅಲ್ಲ" ಎನ್ನುತ್ತಿದ್ದ. ಮಾರುವವನಿಗೂ ಸಿಟ್ಟು, ಆಸೆಪಟ್ಟು ಬಂದವನಿಗೂ ಸಿಟ್ಟು. ಕಾರಿನಲ್ಲಿ ಕರೆದೊಯ್ದವರು ಬರುವಾಗ ಬಸ್ ಸ್ಟಾಪಿನಲ್ಲಿ ಇಳಿಸಿ ಹೋದದ್ದೂ ಉಂಟು.

ನನ್ನ ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನೂ ಬಿಟ್ಟವನಲ್ಲ. ನಮ್ಮ ಯಜಮಾನರು, "ನನ್ನ ಹಲ್ಲಿಗೆ ಮಾತ್ರ ಹಚ್ಬೇಡಪ್ಪಾ, ನಾಲ್ಕು ಕಟ್ಟಿಸಿದ್ದು" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ವರ್ಷ ತಮ್ಮ ಒಂದು ಟ್ರಂಕು ಹೇರಿಕೊಂಡು, ತನ್ನ ಗಾಡಿ ತಳ್ಳಿಕೊಂಡು ನನ್ನ ಮನೆಗೆ ಬಂದ. ಮದುವೆಯಾದವನಲ್ಲ.

ಆ ಗಾಡಿಯ ದೆಸೆಯಿಂದಲೇ ನಮ್ಮಲ್ಲಿಗೆ ಜನ ಬರುತ್ತಿದ್ದರು. ಒಂದೇ ವರ್ಷ ತಯಾರಾಗಿ ನಿಂತುಹೋದ ಮಾಡೆಲ್ ಅಂತೆ. ಭಾನುವಾರ ಬೆಳಿಗ್ಗೆ ಒಬ್ಬರಲ್ಲ ಒಬ್ಬರು ಬಂದು, ಸುತ್ತ ತಿರುಗಿ ನೋಡಿ, ಫೋಟೋ ಹಿಡಿದು, ನನ್ನ ಕೈಯ ಟೀ ಕುಡಿದು ಹೋಗುತ್ತಿದ್ದರು. ಉಳಿದ ಆರು ದಿನ ನಮ್ಮ ಬಾಗಿಲು ತಟ್ಟುವವನು ಹಾಲಿನವನೊಬ್ಬನೇ.

ಊರವರ ಗಾಡಿಯನ್ನೆಲ್ಲ ಕೆರೆದವನು ತನ್ನದನ್ನು ಮಾತ್ರ ಕೆರೆದಿರಲಿಲ್ಲ. ಅದನ್ನು ಅಸಲಿ ಎಂದು ಹೇಳಿ ಕೊಟ್ಟವರು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ. "ಮೇಸ್ತ್ರಿ ಮಾತನ್ನ ಕೆರೆದು ನೋಡೋಕಾಗುತ್ತಾ ಅಕ್ಕಾ" ಎನ್ನುತ್ತಿದ್ದ.

ಮೊನ್ನೆ ಮೊನ್ನೆ, ಭಾನುವಾರ ತಪ್ಪದೆ ಬರುತ್ತಿದ್ದ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ಹಳೆ ಗಾಡಿಯವರೆಲ್ಲ ಸೇರಿ ಅಸಲಿ ಗಾಡಿಗಳ ಪಟ್ಟಿ ಮಾಡುತ್ತಿದ್ದರಂತೆ. "ನಿಮ್ದಕ್ಕೆ ಪರೀಕ್ಷೆ ಯಾಕೆ ಮಾಮ? ನೀವು ಅಸಲಿ ಅಂದ್ರೆ ಮುಗೀತು."

ಫೋನಿಟ್ಟವನು, "ನೋಡದೆ ಯಾರದನ್ನೂ ಅಸಲಿ ಅಂದವನಲ್ಲ ನಾನು" ಎಂದು ಬ್ಲೇಡು ಹುಡುಕಿದ. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆ ಮಾಡೆಲಿನ ನಂಬರಿನ ಕೊನೆಗೆ ಸಾಸಿವೆಯಷ್ಟು ಒಂದು ನಕ್ಷತ್ರ ಇದ್ದರೆ ಮಾತ್ರ ಅಸಲಿ. ಅದು ಬೆರಳಿಗೂ ಸಿಗದಷ್ಟು ಚಿಕ್ಕದು. ನಾನು ಓದಿದ್ದು ಮೂರನೇ ಕ್ಲಾಸು, ಅಂಕೆಗಳೇನೋ ಬರುತ್ತವೆ. ಅವನು ತಡಕಾಡಿ ಕೆರೆದ, ನಾನು ಪೆನ್ಸಿಲ್ ಉಜ್ಜಿದೆ. ಏಳು ಅಂಕೆ ಮೂಡಿದವು. ಆಮೇಲೆ ಬರೀ ಪೆನ್ಸಿಲಿನ ಕಪ್ಪು. ಇನ್ನೊಂದು ಕಾಗದ ಇಟ್ಟು ಉಜ್ಜಿದೆ. ಅದೇ ಕಪ್ಪು.

"ಕೊನೇಲಿ ಏನಿದೆ ಅಕ್ಕಾ?"

ಇದೆ ಎಂದುಬಿಟ್ಟರೆ ಆಯಿತು. ಅವನಿಗೆ ಕಾಣದು, ಕೇಳುವವರು ಯಾರೂ ಇಲ್ಲ, ಭಾನುವಾರ ಎಂದಿನಂತೆ ಜನ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಏನೂ ಇಲ್ಲ ಕಣೋ."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ಉಜ್ಜಿದೆ."

ಅವನು ಕಾಗದ ಇಸಿದುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಮಡಚಿದ. ಸಂಜೆಯೊಳಗೆ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದ. "ನಂದು ಅದಲ್ಲ. ಸುಮ್ನೆ ಅಷ್ಟು ದೂರದಿಂದ ಬರ್ಬೇಡಿ."

ಡಾಕ್ಟರು, "ಅದಕ್ಕೇನಂತೆ, ನಿಮ್ಮನ್ನ ನೋಡೋಕೇ ಬರ್ತೀವಿ" ಎಂದರಂತೆ. ಆ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು.

ಮೂರನೆಯ ಭಾನುವಾರ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು.

"ಇದೆ ಅಂದ್ಬಿಡೋಣ ಅನ್ನಿಸ್ಲಿಲ್ವಾ ಅಕ್ಕಾ ನಿಂಗೆ?"

"ಅನ್ನಿಸ್ತು."

"ನಂಗೂ. ಅಕ್ಕ ಇದೆ ಅಂದ್ರೆ ಸಾಕಪ್ಪಾ ಅಂತ ಕಾಯ್ತಿದ್ದೆ."

"ಅಂದಿದ್ರೆ ನಂಬ್ತಿದ್ಯಾ?"

"ನಂಬ್ತಿದ್ದೆ."

ಬೀದಿಯ ತಿರುವಿನಲ್ಲಿ ಮೋಟಾರ್ ಸೈಕಲ್ ಒಂದರ ಸದ್ದು ಕೇಳಿಸಿತು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ತಮ್ಮ ಕಿವಿಗೊಟ್ಟು ಕೇಳಿದ.

"ಹೊಸ ಗಾಡಿ. ಕೂತ್ಕೋ" ಎಂದ.