ಗೋಡೆಗೆ ಅಡ್ಡಬಂದ ಮಂಚ

ನಮ್ಮ ಅಜ್ಜಿ ತನ್ನ ದೀರ್ಘ ಆಯುಷ್ಯದಲ್ಲಿ ಮಣಿಸಿದ ಶತ್ರುಗಳಲ್ಲಿ ಒಂದು ಹಾಯುವ ಎಮ್ಮೆ, ಬತ್ತಿಹೋದ ಒಂದು ಬಾವಿ ಮತ್ತು ತಾತನ ಕೋಪ ಮುಖ್ಯವಾದವು. ತಾತ ಅಕಾಲದಲ್ಲಿ ತೀರಿಕೊಂಡಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ನೇಗಿಲು ಹಿಡಿದಳು. ಸಾಲು ಸೊಟ್ಟಗಿದೆ ಎಂದು ನಕ್ಕ ನೆರೆಹೊಲದವನಿಗೆ, "ಸಾಲು ನೋಡಬೇಡ, ಪೈರು ನೋಡೋಕೆ ಬಾ" ಎಂದಳಂತೆ. ಆ ವರ್ಷ ನಮ್ಮ ಪೈರು ಅವನದಕ್ಕಿಂತ ಮೊಳದುದ್ದ ಹೆಚ್ಚು ಬೆಳೆಯಿತು. ಇದಕ್ಕೆ ಸಾಕ್ಷಿ ಅಜ್ಜಿಯೊಬ್ಬಳೇ.

ಆದರೆ ಮಹಾಯುದ್ಧ ನಡೆದದ್ದು ಅವಳ ಹಲ್ಲೆಲ್ಲ ಉದುರಿದ ಮೇಲೆ, ಎತ್ತು ಕಟ್ಟುವ ಒಂದು ಗೂಟದ ದೆಸೆಯಿಂದ. ನೆರಳಿನಲ್ಲಿದ್ದ ಆ ಗೂಟ ತನ್ನ ಎತ್ತಿಗೆ ಎಂದು ನಮ್ಮಪ್ಪ, ತನ್ನದಕ್ಕೆ ಎಂದು ಚಿಕ್ಕಪ್ಪ. ಅಣ್ಣತಮ್ಮಂದಿರ ಮಾತು ನಿಂತಿತು. ನಡುಮನೆಗೆ ಅಡ್ಡಗೋಡೆ ಹಾಕಿ, ಎರಡು ಒಲೆ ಹೂಡುವುದೆಂದು ತೀರ್ಮಾನವಾಯಿತು. ಮಕ್ಕಳೆಲ್ಲ ಒಂದೇ ಒಲೆಯ ಊಟ ಉಣ್ಣಬೇಕು ಎಂಬುದೊಂದನ್ನೇ ಅಜ್ಜಿ ಬದುಕಿಡೀ ಕಾಪಾಡಿಕೊಂಡು ಬಂದಿದ್ದಳು.

ಮೇಸ್ತ್ರಿ ಬಂದಾಗ ಅವಳು ಅಳಲಿಲ್ಲ, ಬಯ್ಯಲಿಲ್ಲ. ನಡುಮನೆಯ ನಟ್ಟನಡುವೆ ತನ್ನ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಎರಡೂ ಕಡೆಯಿಂದ ಕಟ್ಕೊಂಡು ಬಾಪ್ಪ. ಮಂಚದ ಹತ್ರ ಬಂದಾಗ ಎದ್ದೇಳ್ತೀನಿ."

ಈ ಮಾತನ್ನು ನಂಬಿದ್ದೇ ನಮ್ಮ ಮನೆಯ ಗಂಡಸರ ಐತಿಹಾಸಿಕ ಪ್ರಮಾದ. ಎರಡು ಗೋಡೆಗಳೂ ಎರಡು ಸೇನೆಗಳಂತೆ ಮುನ್ನುಗ್ಗಿ, ಮಂಚದ ತಲೆಯ ಕಡೆಗೊಂದು, ಕಾಲ ಕಡೆಗೊಂದು ಬಂದು ನಿಂತವು.

"ಅಜ್ಜಿ, ಸ್ವಲ್ಪ ಏಳ್ತೀರಾ?"

"ಮಂಡಿ ಹಿಡ್ಕೊಂಡಿದೆ ಕಣಪ್ಪ. ನಾಳೆ ಬಾ. ಊಟ ಮಾಡ್ಕೊಂಡು ಹೋಗು."

ಮರುದಿನ ಸೊಂಟ. ಆಮೇಲೆ ತಲೆಸುತ್ತು. ಮೇಸ್ತ್ರಿ ಬೆನ್ನು ಹಾಕಿದ್ದೇ ತಡ, ಅಜ್ಜಿ ಹಿತ್ತಲಲ್ಲಿ ಸೌದೆ ಸೀಳುತ್ತಿದ್ದಳು. ಆಗ ಮಂಚ ಸರಿಸಬಹುದಿತ್ತಲ್ಲ ಎನ್ನಬೇಡಿ. ಅದು ಘನವಾದ ಹಳೆಯ ಮರದ್ದು, ಎತ್ತಲು ಇಬ್ಬರು ಬೇಕು. "ಅವನು ಬಂದು ಕೇಳಲಿ" ಎಂದು ಅಪ್ಪ, "ಅವನೇ ಕರೀಲಿ" ಎಂದು ಚಿಕ್ಕಪ್ಪ. ಮೇಸ್ತ್ರಿಯನ್ನು ಕೇಳಿದರೆ, "ನಾನು ಗೋಡೆ ಕಟ್ಟೋನು ಸ್ವಾಮಿ, ಮಂಚ ಹೊರೋನಲ್ಲ" ಎಂದು ಕರಣೆ ತೊಳೆದುಕೊಂಡು ಹೊರಟ. ಅಜ್ಜಿಯ ಊಟ ಅಷ್ಟರಲ್ಲಿ ಅವನನ್ನು ಅವಳ ಪಕ್ಷಕ್ಕೆ ಸೇರಿಸಿಕೊಂಡಿತ್ತು.

ಗೋಡೆ ಅರ್ಧಕ್ಕೇ ನಿಂತಿತು, ಎರಡನೆಯ ಒಲೆ ಹೊತ್ತಲಿಲ್ಲ. ಅಣ್ಣತಮ್ಮಂದಿರು ಮಾತಿಲ್ಲದೆ ಒಂದೇ ಪಾತ್ರೆಯಿಂದ ಬಡಿಸಿಕೊಂಡು, ಮಂಚದ ಆಚೆಗೊಬ್ಬ ಈಚೆಗೊಬ್ಬ ಕೂತು ವರ್ಷಗಟ್ಟಲೆ ಉಂಡರು. ಗೂಟಕ್ಕೆ ಅಜ್ಜಿ ತನ್ನ ಮೇಕೆ ಕಟ್ಟಿದಳು.

ನೂರು ತುಂಬುವ ತುಸು ಮುಂಚೆ, ನಿದ್ದೆಯಲ್ಲೇ, ಅದೇ ಮಂಚದ ಮೇಲೆ ಅಜ್ಜಿ ತೀರಿಕೊಂಡಳು. ಕೆಲವು ದಿನಗಳ ನಂತರ ಮಂಚವನ್ನು ತೊಳೆಯಲು ಅಂಗಳಕ್ಕೆ ತರಬೇಕಾಯಿತು. ಅಪ್ಪ ತಲೆಯ ಕಡೆ ಹಿಡಿದು ನಿಂತರು. ಬಹಳ ಹೊತ್ತಾದ ಮೇಲೆ ಚಿಕ್ಕಪ್ಪ ಕಾಲ ಕಡೆಗೆ ಬಂದರು.

"ನಿಧಾನ ಕಣೋ, ಬಾಗಿಲಿಗೆ ತಾಗುತ್ತೆ."

"ಗೊತ್ತು ಬಿಡಣ್ಣ. ನೀನು ಹಿಂದೆ ನೋಡ್ಕೋ."

ಮಂಚ ಹೊರಗೆ ಬಂದ ಸುದ್ದಿ ಕೇಳಿ ಮೇಸ್ತ್ರಿಯೂ ಬಂದ. "ಈಗ ಜಾಗ ಖಾಲಿ ಇದೆಯಲ್ಲ. ಮುಗಿಸಿಬಿಡ್ಲಾ?"

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒದ್ದೆ ಮಂಚವನ್ನೇ ಹೊತ್ತು ತಂದು ಇದ್ದಲ್ಲೇ ಇಟ್ಟರು. ಹಿರಿಸೊಸೆಯಾದ ನಮ್ಮಮ್ಮ ಅದರ ಮೇಲೆ ಕಾಲು ಚಾಚಿ ಕೂತರು.

"ಊಟ ಮಾಡ್ಕೊಂಡು ಹೋಗಪ್ಪ," ಅಂದರು. "ನನಗೂ ಮಂಡಿನೋವು ಶುರುವಾಗಿದೆ."