ಅಳಿಸಿದ ದೃಷ್ಟಿ ಬೊಟ್ಟು

ಎಲೆಕ್ಟ್ರಿಕ್ ಸ್ಕೂಟರ್‌ನ ಫೋಟೋ ಕೈಗೆ ಸಿಕ್ಕರೆ ನನ್ನ ತಂಗಿ ಮೊದಲು ಸ್ಕೂಟರನ್ನು ನೋಡುವುದಿಲ್ಲ. ಅದರ ಹೊಳೆಯುವ ಮೈಮೇಲೆ ಫೋಟೋ ತೆಗೆದವನು ಎಲ್ಲಾದರೂ ಕಾಣುತ್ತಾನಾ ಎಂದು ಹುಡುಕುತ್ತಾಳೆ. ಸಿಕ್ಕಿಬಿಟ್ಟರೆ ಮಗುವಿನ ಹಾಗೆ ನಗುತ್ತಾಳೆ. ಅವಳ ಈ ಚಟವೇ ಒಮ್ಮೆ ನನ್ನನ್ನು ಹಿಡಿದುಹಾಕಿತು. ಹಿಡಿಯಬೇಕಾದದ್ದೇ.

ನಾನು ಕೆಲಸ ಮಾಡುವುದು ಶಿವಾಜಿನಗರದ ಒಂದು ಸ್ಕೂಟರ್ ಅಂಗಡಿಯಲ್ಲಿ. ನಮ್ಮ ಮಾಲೀಕರನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಅವರ ತಂದೆಯ ಕಾಲದಲ್ಲಿ ಅಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುತ್ತಿದ್ದರಂತೆ, ಈಗ ಸದ್ದೇ ಮಾಡದ ಹೊಸ ಗಾಡಿಗಳು ಸಾಲಾಗಿ ನಿಂತಿವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಸಿಕ್ಕಿದ್ದು ಗಾಡಿ ತೊಳೆಯುವ, ಚಾರ್ಜಿಗೆ ಹಾಕುವ, ಗಿರಾಕಿಗೆ ಕೊಡುವ ದಿನ ಹೂವಿನ ಹಾರ ಕಟ್ಟಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸ.

ಆದರೆ ಈಗ ಗಿರಾಕಿ ಅಂಗಡಿಗೆ ಬರುವ ಮೊದಲು ಮೊಬೈಲಿಗೆ ಬರುತ್ತಾನೆ. ಕಂಪನಿ ಕಳಿಸುವ ಚಂದದ ಚಿತ್ರ ಹಾಕಿದರೆ, "ಇದು ಎಲ್ಲಾ ಕಡೆ ಇದೆ ಸರ್, ನಿಮ್ಮ ಹತ್ರ ಇರೋ ಗಾಡಿದು ಕಳಿಸಿ" ಎಂದು ಮೆಸೇಜು. ಒಂದು ದಿನ ಭಾಯ್ ನನ್ನ ಕೈಗೆ ಮೊಬೈಲು ಕೊಟ್ಟು, "ತೆಗಿ ರೇ ಫೋಟೋ" ಎಂದರು. ಅಂಗಡಿ ಮುಂದೆ ಕೆಂಪು ಗಾಡಿ ನಿಲ್ಲಿಸಿ ತೆಗೆದೆ, ಹಾಕಿದೆ. ಸ್ವಲ್ಪ ಹೊತ್ತಿಗೇ ಒಬ್ಬ ಗಿರಾಕಿಯ ಪ್ರಶ್ನೆ ಬಂತು: "ಗಾಡಿ ಜೊತೆ ಕೋಳಿನೂ ಕೊಡ್ತೀರಾ?"

ನೋಡಿದರೆ ಎದುರಿನ ಕೋಳಿ ಅಂಗಡಿಯ ಪಂಜರ, ಪಂಜರದೊಳಗಿನ ಕೋಳಿ, ಎಲ್ಲವೂ ಗಾಡಿಯ ಮೈಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿದ್ದವು.

ಅದನ್ನು ಸರಿಮಾಡಿದವಳು ತಂಗಿ. ಕಲಬುರಗಿ ಕಡೆಯಿಂದ ಬಂದ ನಮ್ಮದು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಬಾಡಿಗೆ ಕೋಣೆ. ಅವಳು ಆಗ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸದಲ್ಲಿದ್ದಳು. ಹೊಲಿದ ಅಂಗಿಯಲ್ಲಿ ಕಲೆ ಇದೆಯಾ, ಹೊಲಿಗೆ ಬಿಟ್ಟಿದೆಯಾ ಎಂದು ದಿನವೆಲ್ಲಾ ನೋಡುವುದು. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನನ್ನ ಜೊತೆ ಬಂದಳು. ಕಂಕುಳಲ್ಲಿ ಮನೆಯ ಬಿಳಿ ಬೆಡ್‌ಶೀಟು. ನಾನು ಅದನ್ನು ಗಾಡಿಯ ಹಿಂದೆ ಕಟ್ಟಲು ಹೋದೆ.

"ಹಿಂದ ಯಾಕ? ಮುಂದ ಹಿಡಿ" ಎಂದಳು. "ಗಾಡಿ ಕನ್ನಡಿ ಇದ್ದಂಗದ ಅಣ್ಣಾ. ಅದರ ಎದುರಿಗೆ ಏನದ ಅದೇ ಅದರಾಗ ಕಾಣ್ತದ."

ಕೋಳಿಗಳು ಮಾಯವಾದವು. ಗಾಡಿ ಹಾಲಿನಲ್ಲಿ ತೊಳೆದ ಹಾಗೆ ಬಂತು. ಉಳಿದ ಧೂಳಿನ ಚುಕ್ಕೆಗಳನ್ನು ಮೊಬೈಲಿನಲ್ಲೇ ಬೆರಳಿನಿಂದ ಒರೆಸಿ ಅಳಿಸುವುದನ್ನೂ ಅವಳೇ ಕಲಿಸಿದಳು. ಆ ಭಾನುವಾರಗಳ ಖುಷಿಯನ್ನು ನಾನು ಹೇಗೆ ಹೇಳಲಿ! ಸೀಟಿನ ಕೆಳಗೆ ಎಷ್ಟು ಜಾಗವಿದೆ ಎಂದು ತೋರಿಸಲು ಹೂಕೋಸು, ಸೋರೆಕಾಯಿ ತುಂಬಿ ಫೋಟೋ ತೆಗೆದು, ಮನೆಗೆ ಬಂದು ಅದನ್ನೇ ಪಲ್ಯ ಮಾಡಿ ತಿನ್ನುತ್ತಿದ್ದೆವು. ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂದು ಬರೆಯುವ ಬದಲು, "ಟಿನ್ ಫ್ಯಾಕ್ಟರಿಯಿಂದ ಶಿವಾಜಿನಗರಕ್ಕೆ ಹೋಗಿ ಬನ್ನಿ, ಏನೋ ಮರೆತಿರಿ ಅಂತ ಮತ್ತೆ ಹೋಗಿ ಬನ್ನಿ, ಇನ್ನೂ ಚಾರ್ಜ್ ಇರುತ್ತೆ" ಎಂದು ಪೋಸ್ಟರಿನ ಮೇಲೆ ಬರೆಸಿದಳು.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಬೆಕ್ಕಿನ ವಿಡಿಯೋ. ಬೆನ್ಸನ್ ಟೌನಿನ ಒಂದು ಗಲ್ಲಿಯಲ್ಲಿ ಗೋಡೆಯ ಬುಡದಲ್ಲಿ ಬೆಕ್ಕೊಂದು ನಿದ್ದೆ ಮಾಡುತ್ತಿತ್ತು. ತಂಗಿ ನನ್ನ ತೋಳು ಹಿಡಿದು, "ಗಾಡಿ ಇದರ ಮಗ್ಗಲದಾಗಿಂದ ತಗೊಂಡು ಹೋಗು" ಎಂದಳು. ನಾನು ಹೋದೆ, ಅವಳು ವಿಡಿಯೋ ಮಾಡಿದಳು. ಬೆಕ್ಕು ಒಂದು ಕಿವಿ ಅಲುಗಿಸಿ ಮತ್ತೆ ಮಲಗಿತು. ಅಷ್ಟೇ. ಗಾಡಿಗೆ ಸದ್ದಿಲ್ಲ ಎಂದು ಬಾಯಲ್ಲಿ ಹೇಳುವುದೇ ಬೇಡವಾಯಿತು. ಅದನ್ನು ನೋಡಿದ ಭಾಯ್ ನನ್ನ ಬೆನ್ನು ತಟ್ಟಿ, "ಕ್ಯಾ ಐಡಿಯಾ ಹೈ ರೇ! ನಿನ್ನ ತಲೆ ಇಷ್ಟು ಓಡುತ್ತಾ?" ಎಂದರು. ನಾನು ನಕ್ಕೆ. ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಕೆಲವು ವಾರ ಕಳೆದ ಮೇಲೆ ಫೋಟೋ, ವಿಡಿಯೋ, ಪೋಸ್ಟರಿಗೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಮಾತು ಬಂತು. ನನ್ನ ತಂಗಿಗೂ ಸ್ವಲ್ಪ ಬರುತ್ತದೆ ಎಂದೆ. ಆ 'ಸ್ವಲ್ಪ' ನನ್ನದೇ ಮಾತು. "ಬೆಡ್‌ಶೀಟ್ ಹಿಡ್ಕೊಳೋ ಹುಡುಗೀನಾ? ಸೋಮವಾರ ಕರ್ಕೊಂಡ್ ಬಾ, ನೋಡೋಣ" ಎಂದರು ಭಾಯ್. ಅಂದು ಸಂಜೆಯೇ ತಂಗಿ ತನ್ನ ನೀಲಿ ಚೂಡಿದಾರವನ್ನು ಇಸ್ತ್ರಿ ಮಾಡಿ ಗೋಡೆಯ ಮೊಳೆಗೆ ನೇತುಹಾಕಿದಳು. ಸುಕ್ಕಾಗುತ್ತದೆಂದು ಅದರ ಹತ್ತಿರ ನನ್ನ ಅಂಗಿಯನ್ನೂ ಬಿಡಲಿಲ್ಲ.

ಆ ವಾರವೇ, ಶುಕ್ರವಾರ, ಹಲಸೂರಿನ ಒಂದು ಮನೆಯವರು ಗಾಡಿ ತೆಗೆದುಕೊಂಡರು. ಗಂಡ, ಹೆಂಡತಿ, ಅಜ್ಜಿ, ಅಜ್ಜಿಯ ಸೊಂಟದಲ್ಲಿ ಮೊಮ್ಮಗು. ಪೂಜೆಯಾಯಿತು. ರಟ್ಟಿನಲ್ಲಿ ಮಾಡಿದ ದೊಡ್ಡ ಬೀಗದ ಕೈಯನ್ನು ಅವರ ಕೈಗೆ ಕೊಟ್ಟು ಫೋಟೋ ತೆಗೆದೆ. ತಂಗಿ ಫ್ಯಾಕ್ಟರಿಯಲ್ಲಿದ್ದಳು. ಹಾಕುವ ಮುಂಚೆ ಅವಳಿಗೆ ತೋರಿಸಬಹುದಿತ್ತು, ಆದರೆ ನನಗೂ ಬರುತ್ತದೆ ಎಂಬ ಉಮೇದು. ಒಬ್ಬನೇ ಕೂತು ಒರೆಸಿದೆ. ಗಾಡಿಯ ಮೇಲಿನ ಕುಂಕುಮ ಕಲೆಯ ಹಾಗೆ ಕಂಡಿತು, ಒರೆಸಿದೆ. ಚಕ್ರದ ಕೆಳಗಿನ ನಿಂಬೆಹಣ್ಣು ಕಸದ ಹಾಗೆ ಕಂಡಿತು, ಒರೆಸಿದೆ. ಮಗುವಿನ ಕೆನ್ನೆಯ ಮೇಲೆ ಕಪ್ಪಗೆ ಏನೋ ಇತ್ತು, ಅದನ್ನೂ ಒರೆಸಿದೆ. ಕಂಪನಿಯ ಚಿತ್ರದಷ್ಟೇ ಚೊಕ್ಕಟವಾಯಿತು ಎಂದುಕೊಂಡು ಎಲ್ಲರೂ ನೋಡುವ ಹಾಗೆ ಅಂಗಡಿಯ ಪೇಜಿಗೆ ಹಾಕಿದೆ.

ಶನಿವಾರ ಅಂಗಡಿ ತೆರೆಯುತ್ತಿದ್ದಂತೆ ಅದೇ ಗಾಡಿ ಬಂತು. ಹಿಂದಿನ ಸೀಟಿನಲ್ಲಿ ಅಜ್ಜಿ. ಮಗ ಗಾಡಿ ನಿಲ್ಲಿಸುವುದಕ್ಕೂ ಕಾಯದೆ ಇಳಿದರು.

"ಯಾರಪ್ಪಾ ಫೋಟೋ ಮಾಡಿದ್ದು? ಮಗು ಕೆನ್ನೆ ಮೇಲಿದ್ದ ದೃಷ್ಟಿ ಬೊಟ್ಟು ಎಲ್ಲಿ?" ಮೊಬೈಲನ್ನು ಭಾಯ್ ಮೂಗಿನ ಹತ್ತಿರ ಹಿಡಿದರು. "ಊರೆಲ್ಲಾ ನೋಡೋ ಫೋಟೋದಲ್ಲೇ ಬೊಟ್ಟು ತೆಗೆದುಬಿಟ್ರೆ ಆಯ್ತಾ? ರಾತ್ರಿಯೆಲ್ಲಾ ಮಗು ಒಂದೇ ಸಮ ಅಳು! ಮೇಲಿಂದ ನಮ್ಮ ನಾದಿನಿ ಫೋನ್ ಮಾಡಿ, ನಿಂಬೆಹಣ್ಣು ಕೂಡ ಇಡದೆ ಗಾಡಿ ತಗೊಂಡ್ರಾ ಅಂತ ಕೇಳ್ತಾಳೆ. ಎನ್ನ ತಂಬಿ ಇದು? ಏನಪ್ಪಾ ಇದೆಲ್ಲಾ?"

ಭಾಯ್ ನನ್ನ ಕಡೆ ತಿರುಗಿದರು. "ಯಾರು ರೇ ಮಾಡಿದ್ದು?"

"ನನ್ನ ತಂಗಿ, ಭಾಯ್."

ನಾಲಿಗೆ ತಡವರಿಸಲೇ ಇಲ್ಲ. ಅದೇ ನನಗೆ ಇವತ್ತಿಗೂ ಹೆದರಿಕೆ. ಹೊಗಳಿಕೆ ಬಂದ ದಿನ ಅವಳ ಸುದ್ದಿಯೇ ನನ್ನ ಬಾಯಿಗೆ ಬಂದಿರಲಿಲ್ಲ, ಬೈಗುಳ ಬಂದ ದಿನ ಎಷ್ಟು ಸಲೀಸಾಗಿ ಬಂತು!

ಭಾಯ್ ಅಜ್ಜಿಗೆ ಕೈಮುಗಿದು, ಆ ಫೋಟೋವನ್ನು ಪೇಜಿನಿಂದ ಅಳಿಸಲು ಹೇಳಿ, ಚಹಾ ಕುಡಿಸಿ ಕಳಿಸಿದರು. ಆಮೇಲೆ ನನಗೆ ಹೇಳಿದರು: "ಸೋಮವಾರ ಕರ್ಕೊಂಡ್ ಬರೋದು ನಕ್ಕೋ, ಬೇಡ. ಇವತ್ತು ಮಗು ಬೊಟ್ಟು ಒರೆಸಿದಾಳೆ, ನಾಳೆ ಗಾಡಿ ಚಕ್ರಾನೇ ಒರೆಸಿಬಿಡ್ತಾಳೆ."

ಮನೆಗೆ ಬಂದು, ವ್ಯಾಪಾರ ಡಲ್ ಇದೆಯಂತೆ, ಈಗ ಯಾರೂ ಬೇಡವಂತೆ ಎಂದು ತಂಗಿಗೆ ಹೇಳಿದೆ. ಅವಳು ಎದ್ದು ಮೊಳೆಯಿಂದ ಚೂಡಿದಾರ ತೆಗೆದು, ಇಸ್ತ್ರಿ ಗೆರೆ ಕೆಡದ ಹಾಗೆ ಮಡಚಿ ಬ್ಯಾಗಿನ ಅಡಿಗೆ ಇಟ್ಟಳು. "ಹೋಗ್ಲಿ ಬಿಡು. ಗಾರ್ಮೆಂಟ್ಸ್ ಎಲ್ಲಿ ಓಡಿ ಹೋಗ್ತದ" ಎಂದು ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

ಮರುದಿನ ಭಾನುವಾರ, ಅಂದು ಅಂಗಡಿಗೆ ರಜೆ ಇತ್ತು. ಮಾಳಿಗೆಯ ಮೇಲೆ ನಾನು ಬಟ್ಟೆ ಹಿಂಡಿ ಕೊಡುತ್ತಿದ್ದೆ, ಅವಳು ಹಗ್ಗಕ್ಕೆ ಹಾಕುತ್ತಿದ್ದಳು. ಕೈ ಒರೆಸಿಕೊಂಡು ನನ್ನ ಮೊಬೈಲು ತೆಗೆದು ವಾರದ ಫೋಟೋಗಳನ್ನು ನೋಡತೊಡಗಿದಳು. ಹಲಸೂರಿನವರ ಫೋಟೋ ಬಂತು. ಅಳಿಸುವ ಮೊದಲಿನದು, ಅಳಿಸಿದ ಮೇಲಿನದು, ಎರಡೂ ಇದ್ದವು. ಬೆರಳಿನಿಂದ ದೊಡ್ಡದು ಮಾಡಿದಳು.

"ಅಯ್ಯಯ್ಯ, ಕೂಸಿನ ದೃಷ್ಟಿ ಬೊಟ್ಟೇ ಅಳಿಸೀದಿ! ನಿಂಬಿಹಣ್ಣೂ ಹೋಗ್ಯಾದ!" ಮತ್ತೂ ದೊಡ್ಡದು ಮಾಡಿ ಕಿಲಕಿಲ ನಕ್ಕಳು. "ಎಲ್ಲಾ ಅಳಿಸಿ ನಿನ್ನ ಹೊಟ್ಟಿ ಮಾತ್ರ ಬಿಟ್ಟೀದಿ ನೋಡು, ಹೆಡ್‌ಲೈಟಿನಾಗ! ಮೊಬೈಲ್ ಹಿಡ್ಕೊಂಡು ನಾಲಿಗಿ ಹೊರಗ ಹಾಕೀದಿ!"

ನಿಜ. ಹೆಡ್‌ಲೈಟಿನ ಗಾಜಿನಲ್ಲಿ ನಾನು ಗುಂಡಗೆ ಕೂತಿದ್ದೆ.

"ಭಾಯ್ ಬೈದ್ರೇನು?" ಎಂದಳು.

ತಲೆಯಾಡಿಸಿದೆ.

"ನನ್ನ ಹೆಸರು ಹೇಳಬೇಕಿತ್ತಲ್ಲೋ ಹುಚ್ಚಾ. ತಂಗಿ ಮಾಡ್ಯಾಳ, ತಿಳೀಲಿಲ್ಲ ಅಂದಿದ್ರ ಬಿಡ್ತಿದ್ರು. ಹುಡುಗೀರಿಗೆ ಅಷ್ಟು ಬೈಯಂಗಿಲ್ಲ."

ಅವಳು ಅದನ್ನು ತಮಾಷೆಗೆ ಹೇಳಲಿಲ್ಲ. ನನ್ನನ್ನು ಉಳಿಸಲು ಹೇಳಿದಳು. ಇನ್ನು ತಡೆಯಲು ಆಗಲಿಲ್ಲ. ಕೈಯಲ್ಲಿದ್ದ ಒದ್ದೆ ಟವೆಲನ್ನು ಹಿಂಡುತ್ತಲೇ, "ಆ ಅಜ್ಜಿ ಅಂಗಡಿಗೆ ಬಂದು ಬೈದಾಗ ಹಂಗೇ ಹೇಳೀನಿ. ಅದಕ್ಕೇ ಭಾಯ್ ನಿನ್ನ ಬ್ಯಾಡ ಅಂದ್ರು. ವ್ಯಾಪಾರ ಡಲ್ ಅದ ಅಂದಿದ್ದು ಸುಳ್ಳು" ಎಂದುಬಿಟ್ಟೆ.

ಅವಳ ನಗು ನಿಂತಿತು. ನನ್ನ ಕೈಯಿಂದ ಟವೆಲು ಕಿತ್ತುಕೊಂಡು ಹಗ್ಗಕ್ಕೆ ಹಾಕಿದಳು. ನನಗೆ ಬೆನ್ನು ತೋರಿಸಿಕೊಂಡೇ ಕೇಳಿದಳು: "ಬೆಕ್ಕಿನ ವಿಡಿಯೋ ನೋಡಿ ಭಾಯ್ ಬೆನ್ನು ತಟ್ಟಿದಾಗ ನಾ ಎಲ್ಲಿದ್ದೆ ಗೊತ್ತದೇನು? ಅಲ್ಲೇ ಇದ್ದೆ. ಬೆಡ್‌ಶೀಟಿನ ಹಿಂದ. ಈಗ ಹೇಳ್ತಾನ, ಈಗ ಹೇಳ್ತಾನ ಅಂತ ಮಡಚಿದ್ದನ್ನೇ ಮಡಚಿದೆ."

ನಾನು ಬಕೆಟ್ಟಿನ ನೀರು ನೋಡುತ್ತಾ ನಿಂತೆ. ಅವಳು ತಿರುಗಿದಳು. ಕಣ್ಣುಗಳು ಒದ್ದೆಯಾಗಿದ್ದವು, ಆದರೆ ಮುಖದ ಮೇಲೆ ಫ್ಯಾಕ್ಟರಿಯಲ್ಲಿ ಹೊಲಿಗೆ ಬಿಟ್ಟ ಅಂಗಿಯನ್ನು ವಾಪಸು ಕಳಿಸುವಾಗಿನ ಗತ್ತು ಇತ್ತು. "ಅಂಗಿ ಹಾಕ್ಕೋ. ಮೊದಲು ಆ ಅಜ್ಜಿ ಎದುರಿಗೆ ಹೇಳು. ಆಮ್ಯಾಲ ಭಾಯ್ ಎದುರಿಗೆ" ಎಂದು ಕೆಳಗಿಳಿದು ಹೋದಳು. ನಾನು ಹೋಗುವಷ್ಟರಲ್ಲಿ ನೀಲಿ ಚೂಡಿದಾರ ತೊಟ್ಟು, ಬೆಡ್‌ಶೀಟು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿ ಹಲಸೂರಿನಲ್ಲಿ ಇಳಿದೆವು. ಅಜ್ಜಿ ಬಾಗಿಲ ಮೆಟ್ಟಿಲ ಮೇಲೆ ಹೂ ಕಟ್ಟುತ್ತಾ ಕೂತಿದ್ದರು. ನನ್ನನ್ನು ನೋಡಿ ಹುಬ್ಬು ಗಂಟು ಹಾಕಿದರು.

"ಅಜ್ಜಿ, ಬೊಟ್ಟು ಒರೆಸಿದ್ದು ನಾನೇ. ಕಲೆ ಅಂದ್ಕೊಂಡ್ಬಿಟ್ಟೆ. ನನ್ನ ತಂಗಿ ಅಂತ ಸುಳ್ಳು ಹೇಳ್ದೆ. ಇವಳೇ ನನ್ನ ತಂಗಿ."

ಅಜ್ಜಿಯ ಕೈಯ ದಾರ ನಿಂತಿತು. "ಕೂಡ ಹುಟ್ಟಿದವಳ ಮೇಲೆ ಹಾಕಿದ್ಯಾ? ನಿನ್ನ ಮೂತಿಗಿಷ್ಟು!" ಎಂದು ಬೀದಿಗೆಲ್ಲಾ ಕೇಳುವ ಹಾಗೆ ಬೈದರು. ಎದುರು ಮನೆಯ ಕಿಟಕಿ ತೆರೆಯಿತು. ಅಜ್ಜಿ ಅವರಿಗೂ ಕಥೆಯನ್ನು ಮೊದಲಿನಿಂದ ಹೇಳಿದರು. ತಂಗಿ ತಲೆ ಬಗ್ಗಿಸಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗು ತಡೆಯಲಾಗದೆ ಹಾಗೆ ಅಲುಗುತ್ತಿದ್ದಳು.

"ಅಜ್ಜಿ, ಬೇರೆ ಫೋಟೋ ತೆಗಿಲಾ? ನಿಮಗೆ ಹೆಂಗೆ ಬೇಕೋ ಹಂಗೆ" ಎಂದಳು.

ಅಜ್ಜಿ ಕಾಡಿಗೆ ಡಬ್ಬಿ ತಂದರು. ಮಗುವಿನ ಕೆನ್ನೆಗೆ ಹುಣಸೆಬೀಜದಷ್ಟು ದಪ್ಪ ಬೊಟ್ಟು ಇಟ್ಟರು. ಹಣೆಗೊಂದು, ಅಂಗಾಲಿಗೊಂದು. ಸೊಸೆಗಿಟ್ಟರು. ಗಾಡಿಯ ಹೆಡ್‌ಲೈಟಿನ ಮೂಲೆಗೂ ಇಟ್ಟರು. ನನ್ನ ತಂಗಿಯ ಗಲ್ಲ ಹಿಡಿದು ಕಿವಿಯ ಹಿಂದೆ ಇಟ್ಟರು. ನಾನೂ ಕೆನ್ನೆ ಮುಂದೆ ಮಾಡಿದೆ.

"ನಿಂಗ್ಯಾಕಪ್ಪಾ? ನಿನ್ನ ಯಾರು ನೋಡ್ತಾರೆ?" ಎಂದು ಡಬ್ಬಿ ಮುಚ್ಚಿದರು.

ಬೀದಿಯೇ ನಕ್ಕಿತು. ತಂಗಿ ಫೋಟೋ ತೆಗೆದಳು, ನಾನು ಬೆಡ್‌ಶೀಟು ಹಿಡಿದೆ. ಗಾಡಿಯ ಮೇಲೆ ಅಜ್ಜಿ, ಅಜ್ಜಿಯ ಮಡಿಲಲ್ಲಿ ಬೊಟ್ಟುಗಳ ಮಗು, ಚಕ್ರದ ಮುಂದೆ ಹೊಸ ನಿಂಬೆಹಣ್ಣು, ತುಂಬ ಕುಂಕುಮ.

ಸೋಮವಾರ ಬೆಳಿಗ್ಗೆ ತಂಗಿ ಫ್ಯಾಕ್ಟರಿಗೆ ಹೋಗದೆ ನನ್ನ ಜೊತೆ ಅಂಗಡಿಗೆ ಬಂದಳು. ಎಲ್ಲರೂ ಇರುವಾಗಲೇ ಭಾಯ್‌ಗೆ ಹೇಳಿದೆ. ಬೊಟ್ಟಿನ ಕಥೆ, ಬೆಡ್‌ಶೀಟಿನ ಕಥೆ, ಬೆಕ್ಕಿನ ಕಥೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ನನಗೂ ತಂಗಿ ಇದಾಳೆ ರೇ" ಎಂದರು, ಅಷ್ಟೇ. ಆಮೇಲೆ ಅವಳ ಕಡೆ ತಿರುಗಿದರು.

"ಬೇಟಾ, ಆ ಬೆಕ್ಕು ನಿಂದಾ?"

"ಬೆಕ್ಕು ಬೆನ್ಸನ್ ಟೌನಿನವರದು ಭಾಯ್. ಐಡಿಯಾ ನಂದು."

ಭಾಯ್ ಮೇಜು ಬಡಿದು ನಕ್ಕರು. ಅಜ್ಜಿಯ ಹೊಸ ಫೋಟೋ ನೋಡಿದರು, ಮತ್ತೆ ನೋಡಿದರು. "ಇವತ್ತಿಂದಾನೇ ಕೂತ್ಕೋ" ಎಂದು ಅವಳಿಗೆ ಕುರ್ಚಿ ತೋರಿಸಿದರು. ನನಗೆ ನೀರಿನ ಪೈಪು ತೋರಿಸಿದರು. ಅಂದು ನಾನು ತೊಳೆದಷ್ಟು ಚೆನ್ನಾಗಿ ಗಾಡಿಗಳನ್ನು ಯಾರೂ ತೊಳೆದಿರಲಿಕ್ಕಿಲ್ಲ.

ಈಗ ಅವಳು ತೆಗೆಯುತ್ತಾಳೆ, ನಾನು ಬೆಡ್‌ಶೀಟು ಹಿಡಿಯುತ್ತೇನೆ. ಇದನ್ನೆಲ್ಲ ನಗುತ್ತಲೇ ಬರೆದೆ. ಆದರೆ ಆ ಶನಿವಾರ ಅವಳು ಚೂಡಿದಾರ ಮಡಚಿದ ರೀತಿ ನೆನಪಾದರೆ ನಗು ಅಲ್ಲೇ ನಿಲ್ಲುತ್ತದೆ. ಅವಳು ಕ್ಷಮಿಸಿದಳೋ ಇಲ್ಲವೋ, ನಾನು ಕೇಳಿಲ್ಲ. ಗಾಡಿಯ ಮೈಮೇಲೆ ನನ್ನ ಮೊಣಕೈಯೋ ಹೊಟ್ಟೆಯೋ ಮೂಡಿದಾಗಲೆಲ್ಲ, ಅಂಗಡಿಗೆಲ್ಲಾ ಕೇಳುವ ಹಾಗೆ, "ಅಣ್ಣಾ, ನಿನ್ನ ಅಳಿಸ್ಲೇನು?" ಎನ್ನುತ್ತಾಳೆ.

"ಅಳಿಸವ್ವಾ" ಎನ್ನುತ್ತೇನೆ.

ಹಲಸೂರಿನ ಅಜ್ಜಿಯ ಫೋಟೋದಲ್ಲಿ ಮಾತ್ರ ಅಳಿಸಿಲ್ಲ. ಅಂಗಡಿಯ ಪೇಜಿನಲ್ಲಿ ಅದು ಇವತ್ತಿಗೂ ಇದೆ. ಹೆಡ್‌ಲೈಟನ್ನು ದೊಡ್ಡದು ಮಾಡಿ ನೋಡಿದರೆ, ಮೂಲೆಯ ಕಪ್ಪು ಬೊಟ್ಟಿನ ಕೆಳಗೆ, ಬಿಳಿ ಬೆಡ್‌ಶೀಟಿನ ಮೇಲೆ ತಲೆಯೊಂದು ಇಣುಕುತ್ತದೆ. ಬೊಟ್ಟಿಲ್ಲದ ಆ ಮುಖ ನನ್ನದು.